ಬ್ರೇಕ್ ಉಳಿಸಬೇಕಾದದ್ದು ನೆಲ ಮುಟ್ಟುವ ಮೊದಲೇ

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ಶಿರಸಿ–ಕುಮಟಾ ಮಾರ್ಗದಲ್ಲಿ ಲಾರಿ ಓಡಿಸುತ್ತಿದ್ದೇನೆ. ದೇವಿಮನೆ ಘಟ್ಟ ಇಳಿಯುವಾಗ ಗಾಡಿಯನ್ನು ಗೇರಿನಲ್ಲೇ ಹಿಡಿಯುತ್ತೇವೆ, ಬ್ರೇಕ್ ಕಾಯಲು ಬಿಡುವುದಿಲ್ಲ. ಈಚೆಗೆ ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಟುಪೊಲೆವ್ ವಿಮಾನದ ಚಕ್ರ ನೋಡಿದಾಗ ಒಂದು ಅನುಮಾನ ಬಂತು. ಪೈಲಟ್ ವಿಮಾನವನ್ನು ಮೆತ್ತಗೆ ಇಳಿಸಿದರೆ ಬ್ರೇಕ್ ಸವೆತ ಕಡಿಮೆಯಾಗುತ್ತದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ (ಕುಮಟಾ ಮೂಲದ ಕಾರ್ಪೊರೇಟ್ ಜೆಟ್ ಪೈಲಟ್): ಇಲ್ಲ, ಬಹಳ ಸಲ ಹೆಚ್ಚಾಗುತ್ತದೆ. ಚಕ್ರ ತಾಗಿದ್ದು ಯಾರಿಗೂ ತಿಳಿಯಬಾರದೆಂದು ವಿಮಾನವನ್ನು ತೇಲಿಸುತ್ತ ಹೋದರೆ, ಸೆಕೆಂಡಿಗೆ ಐವತ್ತು ಮೀಟರಿಗಿಂತ ಹೆಚ್ಚು ರನ್‌ವೇ ಕೈತಪ್ಪುತ್ತದೆ. ಉಳಿದ ಜಾಗದಲ್ಲಿ ನಿಲ್ಲಿಸಲು ಬ್ರೇಕನ್ನು ಗಟ್ಟಿಯಾಗಿ ಒತ್ತಲೇಬೇಕು.

ನನ್ನ ಮಟ್ಟಿಗೆ ಬ್ರೇಕಿನ ಲೆಕ್ಕ ಆಕಾಶದಲ್ಲೇ ಮುಗಿದಿರಬೇಕು. 110 ನಾಟ್ (ಗಂಟೆಗೆ ಸುಮಾರು 204 ಕಿ.ಮೀ.) ವೇಗದಲ್ಲಿ ಬರಬೇಕಾದ ವಿಮಾನ 121ರಲ್ಲಿ ಬಂದರೆ ವೇಗ ಹೆಚ್ಚಿದ್ದು ಶೇ 10. ಆದರೆ ತಡೆದು ನಿಲ್ಲಿಸಬೇಕಾದ ಶಕ್ತಿ ಶೇ 21ರಷ್ಟು ಹೆಚ್ಚುತ್ತದೆ. ಸರಿಯಾದ ವೇಗದಲ್ಲಿ ಬಂದು, ಗೊತ್ತುಪಡಿಸಿದ ಜಾಗದಲ್ಲೇ ಚಕ್ರ ಊರಿದರೆ ಅರ್ಧ ಕೆಲಸ ಆದಂತೆ.

ನಿಮ್ಮ ಎರಡನೇ ಗೇರಿನ ಕೆಲಸವನ್ನು ನಮ್ಮಲ್ಲಿ ಸ್ಪಾಯ್ಲರ್ ಮತ್ತು ಥ್ರಸ್ಟ್ ರಿವರ್ಸರ್ ಮಾಡುತ್ತವೆ. ರೆಕ್ಕೆಯ ಮೇಲಿನ ಹಲಗೆಯಂಥ ಸ್ಪಾಯ್ಲರ್ ಎದ್ದೊಡನೆ ಎತ್ತುವ ಬಲ ಕುಸಿದು ಭಾರವೆಲ್ಲ ಚಕ್ರಕ್ಕೆ ಇಳಿಯುತ್ತದೆ, ಬ್ರೇಕ್ ಹಿಡಿಯುತ್ತದೆ. ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್‌ನಿಂದ ಹೆಚ್ಚು ಲಾಭ ವೇಗ ಇರುವಾಗಲೇ. ಕೆಲವು ಸಣ್ಣ ಜೆಟ್‌ಗಳಲ್ಲಿ ಅದು ಇರುವುದೇ ಇಲ್ಲ.

ಇನ್ನು ಕಾಲಿನ ವಿಷಯ. ಉಕ್ಕಿನ ಬ್ರೇಕ್ ಎಷ್ಟು ಶಾಖ ತಡೆಯಬೇಕಾಯಿತೋ ಅಷ್ಟು ಸವೆಯುತ್ತದೆ. ಕಾರ್ಬನ್ ಬ್ರೇಕಿನ ಸ್ವಭಾವ ಬೇರೆ: ಎಷ್ಟು ಗಟ್ಟಿಯಾಗಿ ಒತ್ತಿದಿರಿ ಎನ್ನುವುದಕ್ಕಿಂತ ಎಷ್ಟು ಬಾರಿ ಒತ್ತಿದಿರಿ ಎನ್ನುವುದೇ ಅದಕ್ಕೆ ಮುಖ್ಯ. ಹೀಗಾಗಿ ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ನಿಧಾನವಾಗಿ ಓಡಿಸುವಾಗ, ನಾನು ಪದೇ ಪದೇ ಪೆಡಲ್ ಮುಟ್ಟುವುದಿಲ್ಲ. ವೇಗ ಸ್ವಲ್ಪ ಏರಲು ಬಿಟ್ಟು, ಒಮ್ಮೆ ಒತ್ತಿ ಚೆನ್ನಾಗಿ ಇಳಿಸಿ, ಕಾಲು ತೆಗೆಯುತ್ತೇನೆ.

ಸವೆತವನ್ನು ಕಣ್ಣಾರೆ ನೋಡಬಹುದು. ಹಾರುವ ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರದ ಬಳಿ ಮಂಡಿಯೂರಿ ಟಾರ್ಚ್ ಬಿಡುತ್ತೇನೆ. ಬ್ರೇಕಿನ ಮೈಯಿಂದ ಒಂದು ಸಣ್ಣ ಪಿನ್ ಹೊರಚಾಚಿರುತ್ತದೆ. ಡಿಸ್ಕ್ ತೆಳುವಾದಂತೆ ಅದು ಒಳಗೆ ಸರಿಯುತ್ತದೆ. ಮೈಗೆ ಸಮನಾಯಿತೆಂದರೆ ಬದಲಿಸುವ ಕಾಲ ಬಂತು.

ಆದರೆ ಬ್ರೇಕ್ ಉಳಿಸುವ ಆಸೆ ಎಲ್ಲ ಕಡೆ ಸಲ್ಲದು. ನಮ್ಮ ಕರಾವಳಿಯ ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯಲ್ಲಿ, ನಾನು ಬೇಕೆಂದೇ ಗಟ್ಟಿಯಾಗಿ ಇಳಿಸುತ್ತೇನೆ. ಟಯರ್ ನೀರಿನ ಪದರವನ್ನು ಸೀಳಿ ನೆಲ ಹಿಡಿಯಬೇಕು. 2010ರ ಮೇ 22ರಂದು ಅಲ್ಲಿ 158 ಜನ ಸತ್ತ ದುರಂತದಲ್ಲಿ, ಸುಮಾರು 2,450 ಮೀಟರ್ ರನ್‌ವೇಯ 1,600 ಮೀಟರಿನಷ್ಟು ದಾಟಿದ ಮೇಲೆ ವಿಮಾನ ನೆಲ ಮುಟ್ಟಿತ್ತು. ಆ ಜಾಗಕ್ಕೆ ಇಳಿಯುವಾಗಲೆಲ್ಲ ನನಗೆ ಆ ಲೆಕ್ಕ ನೆನಪಾಗುತ್ತದೆ. ಇಳಿಯುವ ಜಾಗ ತಪ್ಪುತ್ತಿದೆ ಎನ್ನಿಸಿದರೆ ನೆಲ ಮುಟ್ಟುವ ಮೊದಲೇ ಮತ್ತೆ ಮೇಲೇರಬೇಕು.

ಹಾಗೆ ಗಟ್ಟಿಯಾಗಿ ಒತ್ತಿ ನಿಲ್ಲಿಸಿದ ದಿನ ನಾವು ಪಾರ್ಕಿಂಗ್ ಬ್ರೇಕ್ ಹಾಕಿಡುವುದಿಲ್ಲ. ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಆರಲು ಬಿಡುತ್ತೇವೆ. ಘಟ್ಟ ಇಳಿದು ಕತಗಾಲದಲ್ಲಿ ಚಹಾಕ್ಕೆ ನಿಂತಾಗ ಕಾದ ಡ್ರಮ್ಮಿನ ವಾಸನೆ ನಿಮಗೂ ಗೊತ್ತಿರುತ್ತದೆ. ವಿಮಾನದ ಚಕ್ರ ಅತಿಯಾಗಿ ಕಾದರೆ ಅದರೊಳಗಿನ ಲೋಹದ ಬಿರಡೆ ಕರಗಿ, ಟಯರ್ ಸಿಡಿಯುವ ಮೊದಲೇ ಗಾಳಿ ಹೊರಹೋಗುತ್ತದೆ. ಚಕ್ರ ಆರುವವರೆಗೆ ಅದರ ಪಕ್ಕದಲ್ಲಿ ಯಾರನ್ನೂ ನಿಲ್ಲಲು ಬಿಡುವುದಿಲ್ಲ. ಹತ್ತಿರ ಹೋಗಲೇಬೇಕಾದರೆ ಮುಂದಿನಿಂದ ಅಥವಾ ಹಿಂದಿನಿಂದ.