ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ಪ್ರಾವಿಡೆನ್ಸ್ ಸ್ಟೀಮ್‌ರೋಲರ್ಸ್ 1947-48ರಲ್ಲಿ 48 ಪಂದ್ಯಗಳಲ್ಲಿ 42 ಸೋತದ್ದು ಯಾಕೆ?

ಒಳ್ಳೆಯ ಆಟಗಾರರು ಸಾಕಷ್ಟು ಇರಲಿಲ್ಲ, ಮುಖ್ಯ ಕಾರಣ ಅದೇ. ಈ ತಂಡ ಆಡುತ್ತಿದ್ದ ಬಿಎಎ ಲೀಗನ್ನು (ಇವತ್ತಿನ ಎನ್‌ಬಿಎಯ ಮೊದಲ ರೂಪ) 1946ರಲ್ಲಿ ಶುರು ಮಾಡಿದವರು ಹೆಚ್ಚಾಗಿ ಐಸ್ ಹಾಕಿ ಕ್ರೀಡಾಂಗಣಗಳ ಮಾಲೀಕರು. ಹಾಕಿ ಇಲ್ಲದ ರಾತ್ರಿ ಸೀಟು ತುಂಬಬೇಕಿತ್ತು, ಅಷ್ಟೇ. ಆದರೆ ಎನ್‌ಬಿಎಲ್ ಎಂಬ ಹಳೆಯ ಲೀಗ್ ಆಗಲೇ ಇತ್ತು. ಜಾರ್ಜ್ ಮೈಕನ್‌ರಂಥ ದೈತ್ಯ ಆಟಗಾರ ಆಗ ಆಡುತ್ತಿದ್ದದ್ದು ಅಲ್ಲೇ. ಪ್ರಾವಿಡೆನ್ಸ್ ಮಾತ್ರ ಸ್ಥಳೀಯ ಕಾಲೇಜಿನ ಹುಡುಗರನ್ನೇ ಜಾಸ್ತಿ ನಂಬಿತ್ತು. ಎರ್ನಿ ಕ್ಯಾಲ್ವರ್ಲಿ ನಿಜಕ್ಕೂ ಚೆನ್ನಾಗಿ ಆಡಿದರು, ಆದರೆ ಒಬ್ಬರಿಂದ ಏನಾಗುತ್ತೆ?

ಸೀಸನ್ ಮಧ್ಯೆ ಕೋಚ್ ಬದಲಾದರು. ಹೊಸ ಕೋಚ್ ನ್ಯಾಟ್ ಹಿಕ್ಕಿ 1948ರ ಜನವರಿಯಲ್ಲಿ ತಾವೇ ಜರ್ಸಿ ತೊಟ್ಟು ಅಂಗಳಕ್ಕಿಳಿದರು. 46ನೇ ಹುಟ್ಟುಹಬ್ಬಕ್ಕೆ ಎರಡೇ ದಿನ ಬಾಕಿ! ಆ ಛಲ ನನಗೆ ತುಂಬಾ ಇಷ್ಟ. 1949ರಲ್ಲಿ ತಂಡವೇ ಮುಚ್ಚಿತು.