ಅಕ್ಕನಿಗೂ ಬೆಲೆ ಹೇಳಿ

ರಾಣೆಬೆನ್ನೂರಿನಿಂದ ಒಬ್ಬ ಓದುಗರು ಬರೆದಿದ್ದಾರೆ. ಒಂದು ವರ್ಷದಿಂದ ಮನೆಯಲ್ಲೇ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಕೈರುಚಿ ಚೆನ್ನಾಗಿದೆ ಅಂತ ಎಲ್ಲರೂ ಹೊಗಳುತ್ತಾರೆ, ವ್ಯಾಪಾರ ಮಾತ್ರ ಓಣಿ ದಾಟಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಪ್ಯಾಕೆಟ್ ಫೋಟೊ ಹಾಕುತ್ತಾರೆ, ಸ್ವಲ್ಪ ಹೊತ್ತಿಗೇ ಅಳಿಸುತ್ತಾರೆ. ಕಿರಾಣಿ ಅಂಗಡಿ ತನಕ ಹೋಗಿ ಬಾಯಿ ಬಿಡದೆ ವಾಪಸ್ ಬರುತ್ತಾರೆ. ‘ನನಗ ಮಾರ್ಕೆಟಿಂಗ್ ಅಂದ್ರ ಎದಿ ಡವಡವ ಅಂತದ. ಈ ಅಂಜಿಕಿ ಹ್ಯಾಂಗ ಬಿಡಸ್ಲಿ?’ ಅಂತ ಕೇಳಿದ್ದಾರೆ.

ತಂಗಿ, ಪತ್ರದ ತುಂಬ ಅಂಜಿಕೆಯ ಮಾತೇ ಇದೆ. ನಡುವೆ ಒಂದು ಸಾಲು ಮಾತ್ರ ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ‘ದೊಡ್ಡ ನಾದಿನಿ ಬೆಂಗಳೂರಿಂದ ಬಂದಾಗೆಲ್ಲ ಮೂರ್ನಾಲ್ಕು ಕೆಜಿ ಒಯ್ತಾರ, ಆಫೀಸ್‌ನ್ಯಾಗ ಹಂಚ್ತಾರ, ಅಲ್ಲಿ ಎಲ್ಲಾರೂ ಮತ್ತ ಬೇಕು ಅಂತಾರಂತ.’ ದುಡ್ಡಿನ ಮಾತೇ ಇಲ್ಲ. ಈ ಸಾಲು ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಿಮ್ಮ ಪುಡಿಗೆ ಗಿರಾಕಿ ಇದ್ದಾರೆ. ಒಂದು ಆಫೀಸಿನ ತುಂಬ ಇದ್ದಾರೆ. ತಿಂದಿದ್ದಾರೆ, ಮೆಚ್ಚಿದ್ದಾರೆ, ಮತ್ತೆ ಕೇಳಿದ್ದಾರೆ. ಕಂಪನಿಗಳು ಕೋಟಿಗಟ್ಟಲೆ ಸುರಿದು ಜಾಹೀರಾತು ಕೊಡುವುದು ಇದಕ್ಕೇ ಅಲ್ವಾ? ಮಾರ್ಕೆಟಿಂಗ್ ಆಗಿಹೋಗಿದೆ, ದುಡ್ಡು ಬಂದಿಲ್ಲ ಅಷ್ಟೆ. ಜಾತ್ರೆಯಲ್ಲಿ ಸ್ತ್ರೀಶಕ್ತಿ ಸಂಘದ ಮಳಿಗೆಯಲ್ಲಿ ಕೂತು ಒಂದೇ ದಿನದಲ್ಲಿ ಹನ್ನೊಂದು ಕೆಜಿ ಮಾರಿದೆ ಅಂತಲೂ ಬರೆದಿದ್ದೀರಿ. ಅವತ್ತು ಎದೆ ಡವಡವ ಅನ್ನಲಿಲ್ಲ. ಬೋರ್ಡಿನ ಮೇಲೆ ಬೆಲೆ ಇತ್ತು, ಬಂದವರು ನೆಂಟರಾಗಿರಲಿಲ್ಲ. ಸ್ಟೇಟಸ್ ಅಳಿಸಿದ್ದು ಯಾಕೆ? ನೋಡಿದವರ ಪಟ್ಟಿಯಲ್ಲಿ ವಾರಗಿತ್ತಿಯ ಹೆಸರು ಬಂತು ಅಂತ. ನಿಮಗೆ ಅಂಜಿಕೆ ಇರುವುದು ಗುರುತಿನವರ ಮುಂದೆ ಬೆಲೆ ಹೇಳೋಕೆ.

ಇದನ್ನು ಕಲಿಸಿದವರು ಯಾರು? ನೀವು ಯಜಮಾನರ ಮೇಲೆ ದೂರು ಹೇಳಿದ್ದೀರಿ. ನನಗೆ ಅವರ ಮೇಲೆ ಅಷ್ಟೇನೂ ಬೇಸರವಿಲ್ಲ. ಬ್ಯಾಡಗಿಗೆ ಹೋಗಿ ಒಳ್ಳೆ ಬಣ್ಣದ ಮೆಣಸಿನಕಾಯಿ ಆರಿಸಿ ತರುವವರು ಅವರೇ. ತಪ್ಪು ನಾದಿನಿಯದು. ಅವರು ತಿಂಗಳ ಸಂಬಳ ತಗೊಳ್ಳುವ ಹೆಣ್ಣುಮಗಳು, ದುಡಿಮೆಗೆ ದುಡ್ಡು ಅಂತ ಅವರಿಗೆ ಚೆನ್ನಾಗಿ ಗೊತ್ತು. ತಮ್ಮನ ಹೆಂಡತಿಯ ದುಡಿಮೆಗೆ ಮಾತ್ರ ಆ ಲೆಕ್ಕ ಹಾಕಲಿಲ್ಲ. ತವರಿಂದ ಒಯ್ಯುವುದು ಮನೆಮಗಳ ಹಕ್ಕು ಅನ್ನುತ್ತೀರೇನೋ. ಹಬ್ಬಕ್ಕೆ ಉಡಿ ತುಂಬಿ, ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಕಳಿಸಿ, ಯಾರು ಬೇಡ ಅಂದರು? ಆಫೀಸಿಗೆ ಹಂಚಲು ನಾಲ್ಕು ಕೆಜಿ ಅಂದರೆ ಅದು ಆರ್ಡರ್.

ಆ ನಾಲ್ಕು ಕೆಜಿ ಹಿಂದೆ ಏನಿದೆ ಅಂತ ನೀವೇ ಬರೆದಿದ್ದೀರಿ. ಸಣ್ಣ ಉರಿಯಲ್ಲಿ ಶೇಂಗಾ ಹುರಿಯಬೇಕು, ಬಿಟ್ಟು ಏಳೋ ಹಾಗಿಲ್ಲ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸಿ ಮೊರದಲ್ಲಿ ಕೇರಬೇಕು. ಬೆಳ್ಳುಳ್ಳಿ ಸುಲಿಯಬೇಕು. ಮಿಕ್ಸಿಯಲ್ಲಿ ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ, ಅದಕ್ಕೆ ನೀವು ಕಲ್ಲಲ್ಲೇ ಕುಟ್ಟುತ್ತೀರಿ. ಅರ್ಧ ದಿನದ ಕೆಲಸ. ಆಮೇಲೆ ಲೆಕ್ಕ ಕೊಟ್ಟಿದ್ದೀರಿ: ಕೆಜಿಗೆ ಸಾಮಾನು 190 ರೂಪಾಯಿ, ಓಣಿಯವರಿಗೆ ಮಾರುವುದು 200ಕ್ಕೆ. ಗ್ಯಾಸ್ ಎಲ್ಲಿ? ಪ್ಯಾಕೆಟ್ ಕವರ್ ಎಲ್ಲಿ? ನಿಮ್ಮ ಕೂಲಿ ಎಲ್ಲಿ? ನಿಮ್ಮ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಹೋಗುವ ಹೆಂಗಸರಿಗೆ ಅರ್ಧ ದಿನಕ್ಕೆ ಎಷ್ಟು ಕೂಲಿ ನಡೆಯುತ್ತಿದೆ, ಕೇಳಿ. ಕನಿಷ್ಠ ಅಷ್ಟನ್ನು ಅವತ್ತು ಮಾಡಿದ ಕೆಜಿಗಳ ಮೇಲೆ ಹಂಚಿ. ಅದರ ಮೇಲೆ ಲಾಭ. ಆಗ ಬರುವ ಬೆಲೆ ನೋಡಿ ನಿಮಗೇ ಗಾಬರಿ ಆಗಬಹುದು. ಆದರೂ ಅದೇ ಸರಿಯಾದ ಬೆಲೆ.

ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳುವ ಮಾತು ಒಂದಿದೆ. ಬೆಲೆ ಬಾಯಲ್ಲಿ ಹೇಳಬೇಡಿ, ಬರೆದಿಡಿ. ಬಾಯಿ ಸಂಕೋಚ ಪಡುತ್ತೆ, ‘ನೋಡಿ ಕೊಡ್ರಿ’ ಅಂದುಬಿಡುತ್ತೆ. ಬರೆದ ಬೆಲೆಗೆ ಸಂಕೋಚ ಇಲ್ಲ. ಕಾನೂನು ಕೂಡ ಇದನ್ನೇ ಕೇಳುತ್ತೆ. 2011ರ ಪ್ಯಾಕೆಟ್ ಸಾಮಾನಿನ ನಿಯಮಗಳ ಪ್ರಕಾರ ಪ್ಯಾಕೆಟ್ ಮೇಲೆ ಎಂಆರ್‌ಪಿ, ತೂಕ, ತಯಾರಿಸಿದವರ ಹೆಸರು, ವಿಳಾಸ ಎಲ್ಲ ಇರಬೇಕು. ತಿನ್ನುವ ಪದಾರ್ಥ ಆದ್ದರಿಂದ ಏನೇನು ಹಾಕಿದ್ದೀರಿ, ಎಲ್ಲಿಯ ತನಕ ಬಳಸಬಹುದು, ಸಸ್ಯಾಹಾರದ ಹಸಿರು ಗುರುತು, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ಸಂಖ್ಯೆಯೂ ಬೇಕು. ಮನೆಯಲ್ಲಿ ಮಾಡಿ ಮಾರುವವರಿಗೂ ಈ ನೋಂದಣಿ ಬೇಕು, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಿಮ್ಮ ಹತ್ತಿರ ಇನ್ನೂ ಇಲ್ಲ ಅಂದಿದ್ದೀರಿ. ಮೊದಲು ಅದನ್ನು ಮಾಡಿಸಿ.

ಯಜಮಾನರು ಜಿಎಸ್‌ಟಿ ನೋಟಿಸ್ ಬರುತ್ತೆ, ಯುಪಿಐ ಬೇಡ ಅಂತಾರಂತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದ ಸುದ್ದಿ ಅವರ ತಲೆಯಲ್ಲಿ ಕೂತಿರಬೇಕು. ನಮ್ಮ ರಾಜ್ಯದೊಳಗೆ ಸಾಮಾನು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದದ್ದು ವರ್ಷದ ವಹಿವಾಟು 40 ಲಕ್ಷ ದಾಟಿದರೆ. ಅಂದರೆ ತಿಂಗಳಿಗೆ ಮೂರು ಲಕ್ಷಕ್ಕೂ ಜಾಸ್ತಿ. ನಿಮ್ಮದು ಈಗ ಎಂಟು ಸಾವಿರ. ಧೈರ್ಯವಾಗಿ ಯುಪಿಐ ತಗೊಳ್ಳಿ, ಲೆಕ್ಕ ಬರೆದಿಡಿ. ಮೈದುನ ಹೇಳಿದ ಲೋಗೋ, ರೀಲ್ಸು ಎಲ್ಲ ಆಮೇಲೆ.

ಗುರುತಿನವರಿಗೆ ಮಾರುವುದು ಸಣ್ಣತನ ಅಂತ ದಯವಿಟ್ಟು ತಿಳಿಯಬೇಡಿ. 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತೋಕೆ ಕೂತರು. ಮೊದಲ ದಿನ ಆದದ್ದು ನಾಲ್ಕೇ ಪ್ಯಾಕೆಟ್. ಅದನ್ನು ಮಾರಿದ್ದು ಗುರುತಿನ ವ್ಯಾಪಾರಿಗೇ. ನಷ್ಟ ಆದರೂ ಯಾರ ದಾನವನ್ನೂ ತಗೊಳ್ಳುವುದಿಲ್ಲ ಅಂತ ಆಗಲೇ ತೀರ್ಮಾನಿಸಿದ್ದರು. ಅದೇ ಇವತ್ತಿನ ಲಿಜ್ಜತ್ ಹಪ್ಪಳ. ಗುರುತಿನವರಿಂದಲೇ ಶುರು ಮಾಡಿದರು, ಆದರೆ ದುಡ್ಡು ತಗೊಂಡು ಕೊಟ್ಟರು.

ಈಗ ನೀವು ಮಾಡಬೇಕಾದದ್ದು ಒಂದೇ. ಕಿರಾಣಿ ಅಂಗಡಿ ಸದ್ಯಕ್ಕೆ ಬಿಡಿ. ನೋಂದಣಿ ಸಂಖ್ಯೆ ಕೈಗೆ ಬಂದ ದಿನ ಲೇಬಲ್ ಅಂಟಿಸಿದ ಪ್ಯಾಕೆಟ್‌ನ ಫೋಟೊ ತೆಗೆದು, ಮೊದಲು ನಾದಿನಿಗೇ ಕಳಿಸಿ. ಕೆಳಗೆ ಹೀಗೆ ಬರೆಯಿರಿ: ‘ಅಕ್ಕಾ, ನಿಮ್ಮ ಆಫೀಸ್‌ನವರು ಮತ್ತ ಕೇಳ್ಯಾರಂತಲ್ರಿ. ಬೆಲಿ ಪ್ಯಾಕೆಟ್ ಮ್ಯಾಲೆ ಐತಿ. ಯಾರಿಗೆ ಎಷ್ಟು ಬೇಕು ಬರದು, ದುಡ್ಡು ಈ ನಂಬರಿಗೆ ಹಾಕ್ಸ್ರಿ. ಮರುದಿನಾನ ಕೊರಿಯರ್ ಮಾಡ್ತೀನಿ.’ ಕ್ಷಮಿಸಿ, ಬೇಜಾರಾಗಬೇಡಿ ಅಂತ ಒಂದಕ್ಷರವೂ ಸೇರಿಸಬೇಡಿ. ಅವರು ಮುನಿಸಿಕೊಂಡು ಎರಡು ದಿನ ಫೋನ್ ಮಾಡದಿದ್ದರೆ ಮಾಡದಿರಲಿ. ನೀವಾಗಿಯೇ ಫೋನ್ ಮಾಡಿ ಬೆಲೆ ಇಳಿಸಬೇಡಿ.