ಕೊಡಗಿನಲ್ಲಿ ಛಾಯಾಗ್ರಹಣವನ್ನೇ ನಂಬಿ ಬದುಕಲು ಎಷ್ಟು ದುಡಿಯಬೇಕು?

ಬೆಂಗಳೂರಿನಲ್ಲಿ 60,000 ರೂಪಾಯಿ ಸಂಬಳದ ಕೆಲಸ ಬಿಟ್ಟು, ವಿರಾಜಪೇಟೆಯ ಸ್ವಂತ ಮನೆಗೆ ಮರಳಿ ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದಿದ್ದೀರಿ. ಹೆಂಡತಿ, ಮಗು ಇರುವ ಸಂಸಾರಕ್ಕೆ ತಿಂಗಳಿಗೆ ಎಷ್ಟು ಬಂದರೆ ಸಾಕು ಎಂದು ಕೇಳಿದ್ದೀರಿ. ಗೋಣಿಕೊಪ್ಪಲಿನಲ್ಲಿ ಬಹಳ ವರ್ಷಗಳಿಂದ ಸ್ಟುಡಿಯೋ ನಡೆಸುತ್ತಿರುವ ನಾನು ಈ ಪ್ರಶ್ನೆಗೆ ವರ್ಷದ ಲೆಕ್ಕದಲ್ಲಿಯೇ ಉತ್ತರಿಸಬೇಕಾಗುತ್ತದೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಈ ಕಸುಬಿನ ಆದಾಯ ತಿಂಗಳು ತಿಂಗಳು ಬರುವಂಥದ್ದಲ್ಲ.

ಇಲ್ಲಿ ಮದುವೆಗಳು ಹೆಚ್ಚಾಗಿ ನಡೆಯುವುದು ನವೆಂಬರ್–ಡಿಸೆಂಬರ್‌ನಲ್ಲಿ ಮತ್ತು ಏಪ್ರಿಲ್–ಮೇ ತಿಂಗಳುಗಳಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಅದರ ನಡುವೆ ಕೊಡವರಿಗೆ ಕಕ್ಕಡ ಮಾಸ, ಉಳಿದವರಿಗೆ ಆಷಾಢ, ಎರಡರಲ್ಲೂ ಶುಭಕಾರ್ಯವಿಲ್ಲ. ಮೇ ತಿಂಗಳಲ್ಲಿ ಕೈಸೇರಿದ ಹಣ ಹೆಚ್ಚುಕಡಿಮೆ ಪುತ್ತರಿಯವರೆಗೆ, ಎಂದರೆ ನವೆಂಬರ್–ಡಿಸೆಂಬರ್‌ನ ಸುಗ್ಗಿ ಹಬ್ಬದವರೆಗೆ, ಮನೆ ನಡೆಸಬೇಕು. ಸೀಸನ್ನಿನಲ್ಲಿಯೂ ಒಳ್ಳೆಯ ಮುಹೂರ್ತದ ಒಂದು ಭಾನುವಾರಕ್ಕೆ ನಾಲ್ಕು ಮನೆಯವರು ಕೇಳಿಕೊಂಡು ಬಂದರೂ ಒಪ್ಪಿಕೊಳ್ಳಲು ಸಾಧ್ಯವಾಗುವುದು ಒಂದನ್ನು ಮಾತ್ರ. ಹೀಗಾಗಿ ನಮ್ಮ ದುಡಿಮೆಗೆ ಮಿತಿ ಹಾಕುವುದು ದರಕ್ಕಿಂತ ಹೆಚ್ಚಾಗಿ ಕ್ಯಾಲೆಂಡರ್.

ಈಗ ಒಂದು ಮಾದರಿ ಲೆಕ್ಕ ನೋಡೋಣ. ಅಂಕಿಗಳು ನಾನು ಅಂದಾಜಿಗೆ ಹಿಡಿದವು; ನಿಮ್ಮ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿ. ಮನೆಖರ್ಚಿಗೆ ತಿಂಗಳಿಗೆ 35,000 ರೂಪಾಯಿ, ಆರೋಗ್ಯ ವಿಮೆಗೂ ಮುಂದಿನ ದಿನಗಳಿಗೆಂದು ಎತ್ತಿಡುವುದಕ್ಕೂ 8,000 ಎಂದಿಟ್ಟುಕೊಂಡರೆ ವರ್ಷಕ್ಕೆ 5,16,000 ಆಗುತ್ತದೆ. ಸಂಬಳದಾರರಿಗೆ ಭವಿಷ್ಯನಿಧಿಯನ್ನು ಕಂಪನಿಯೇ ಹಿಡಿದಿಡುತ್ತದೆ, ನಮಗೆ ಹಿಡಿದಿಡುವವರು ಯಾರೂ ಇಲ್ಲವಾದ್ದರಿಂದ ಆ 8,000ವನ್ನು ಖರ್ಚು ಎಂದೇ ಬರೆದುಕೊಳ್ಳಬೇಕು. ಎರಡು ಕ್ಯಾಮೆರಾ ಬಾಡಿ, ಮೂರ್ನಾಲ್ಕು ಲೆನ್ಸ್, ಫ್ಲ್ಯಾಷ್, ಎಡಿಟಿಂಗ್ ಕಂಪ್ಯೂಟರ್ ಎಲ್ಲ ಸೇರಿ 8 ಲಕ್ಷವಾದರೆ, ಅವುಗಳ ಬಾಳಿಕೆ ಐದು ವರ್ಷವೆಂದು ವರ್ಷಕ್ಕೆ 1,60,000. ಅಂಗಡಿಯ ಬಾಡಿಗೆ, ವಿದ್ಯುತ್ತು 1,20,000. ಪೆಟ್ರೋಲ್, ಸಾಫ್ಟ್‌ವೇರ್ ಚಂದಾ, ಹಾರ್ಡ್ ಡಿಸ್ಕ್, ರಿಪೇರಿ 84,000. ಒಟ್ಟು 8,80,000 ರೂಪಾಯಿ.

ಒಂದು ಮದುವೆಯನ್ನು 60,000ಕ್ಕೆ ಒಪ್ಪಿಕೊಂಡಿರಿ ಎನ್ನೋಣ. ಅದರಲ್ಲಿ ಎರಡನೆಯ ಕ್ಯಾಮೆರಾದವರಿಗೆ, ವಿಡಿಯೋದವರಿಗೆ, ಎಡಿಟಿಂಗ್ ಮತ್ತು ಆಲ್ಬಮ್ ಪ್ರಿಂಟಿಗೆ ನೂರಕ್ಕೆ ನಲವತ್ತರಷ್ಟು ಹೊರಗೆ ಹೋಗುತ್ತದೆ. ನಿಮ್ಮಲ್ಲಿ ಉಳಿಯುವುದು 36,000. ಆ ಪ್ರಕಾರ 8,80,000 ಹುಟ್ಟಲು ಸುಮಾರು 25 ಮದುವೆ ಬೇಕು, ವಹಿವಾಟು 15 ಲಕ್ಷ. ಎಂದರೆ ತಿಂಗಳಿಗೆ 43,000 ರೂಪಾಯಿಯ ಜೀವನ ನಡೆಸಲು ವರ್ಷಕ್ಕೆ 15 ಲಕ್ಷದ ಬಿಲ್ಲು ಬರೆಯಬೇಕು. ಬಿಲ್ಲಿನ ಮೂರನೆಯ ಒಂದು ಭಾಗವಷ್ಟೇ ಮನೆಯದು. ಯಾರಾದರೂ ‘ಈ ಸೀಸನ್ನಿನಲ್ಲಿ ಐದು ಲಕ್ಷ ಮಾಡಿದೆ’ ಎಂದಾಗ ನಾನು ಮನಸ್ಸಿನಲ್ಲಿಯೇ ಮೂರರಿಂದ ಭಾಗಿಸಿಕೊಳ್ಳುತ್ತೇನೆ.

ಆ ನಲವತ್ತರಷ್ಟು ಹೊರಖರ್ಚನ್ನು ಉಳಿಸಿ ಒಬ್ಬರೇ ಮಾಡಬಾರದೇ ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಕೊಡವ ಮದುವೆಯಲ್ಲಿ ಅದು ಆಗುವ ಮಾತಲ್ಲ. ಮುಹೂರ್ತಕ್ಕೆ ಕುಳಿತವರ ಮೇಲೆ ಅಕ್ಕಿ ಹಾಕಿ ಹರಸಲು ನೆಂಟರಿಷ್ಟರು ಒಬ್ಬೊಬ್ಬರಾಗಿ ಬರುತ್ತಾರೆ. ಸಾಲು ನೂರಾರು ಜನರದ್ದಿರುತ್ತದೆ, ಮತ್ತು ಯಾವ ಹಿರಿಯರ ಚಿತ್ರ ತಪ್ಪಿದರೂ ಆಲ್ಬಮ್ ಬಿಚ್ಚಿದ ದಿನ ಅದೇ ಮಾತಾಗುತ್ತದೆ. ಒಬ್ಬ ಛಾಯಾಗ್ರಾಹಕ ಅಲ್ಲಿಂದ ಕದಲುವಂತಿಲ್ಲ. ಅದೇ ಹೊತ್ತಿನಲ್ಲಿ ಹೊರಗೆ ವಾಲಗಕ್ಕೆ ಕುಣಿಯುವವರು, ಕುಪ್ಯವೆಂಬ ನಿಲುವಂಗಿ ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತ ಅಜ್ಜಂದಿರು ಎಲ್ಲರೂ ಕ್ಯಾಂಡಿಡ್, ಎಂದರೆ ಪೋಸ್ ಕೊಡದ ಸಹಜ ಚಿತ್ರಗಳಲ್ಲಿ ಬರಲೇಬೇಕು. ಬಾಳೆ ಕಡಿಯುವ ಶಾಸ್ತ್ರ ಕ್ಷಣದಲ್ಲಿ ಮುಗಿದುಹೋಗುತ್ತದೆ; ಗಂಗಾಪೂಜೆಯಲ್ಲಿ ನೀರು ಹೊತ್ತ ಮದುಮಗಳಿಗೆ ಅಡ್ಡಕಟ್ಟಿ ಕುಣಿಯುವುದು ಎಷ್ಟು ಹೊತ್ತು ನಡೆಯುತ್ತದೆಯೆಂದು ಕುಣಿಯುವವರಿಗೂ ತಿಳಿದಿರುವುದಿಲ್ಲ. ಇಷ್ಟಕ್ಕೆ ಇಬ್ಬರು ಕನಿಷ್ಠ. ಸಹಾಯಕರಿಗೆ ಕೊಡುವುದರಲ್ಲಿ ಕೈಬಿಗಿ ಹಿಡಿದರೆ ಮುಂದಿನ ಸೀಸನ್ನಿಗೆ ಅವರು ಬೇರೆಯವರ ಜೊತೆ ಇರುತ್ತಾರೆ.

ಉಪಕರಣದ ಬಾಳಿಕೆ ಐದು ವರ್ಷವೆಂದೆನಲ್ಲ, ಬಯಲುಸೀಮೆಯವರು ಅದನ್ನು ಏಳೆಂಟು ವರ್ಷಕ್ಕೆ ಎಳೆಯಬಹುದೇನೋ. ನಮ್ಮ ಮಳೆಗಾಲದ ತೇವದಲ್ಲಿ ಲೆನ್ಸಿನೊಳಗೆ ಶಿಲೀಂಧ್ರ ಬೆಳೆಯುತ್ತದೆ. ಬ್ಯಾಗಿನೊಳಗೆ ಮುಚ್ಚಿಟ್ಟರೆ ಇನ್ನೂ ಬೇಗ ಬೆಳೆಯುತ್ತದೆ. ತೇವಾಂಶವನ್ನು ನೂರಕ್ಕೆ 40ರಿಂದ 50ರೊಳಗೆ ನಿಲ್ಲಿಸುವ ಡ್ರೈ ಕ್ಯಾಬಿನೆಟ್, ಕರೆಂಟು ಹೋದಾಗ ಅದಕ್ಕೂ ಕಂಪ್ಯೂಟರಿಗೂ ಯುಪಿಎಸ್, ಇವೆರಡನ್ನು ಕ್ಯಾಮೆರಾದ ಜೊತೆಯಲ್ಲಿಯೇ ಖರೀದಿಸಬೇಕು, ನಂತರ ನೋಡೋಣ ಎನ್ನಬಾರದು.

ಮದುವೆಯಿಲ್ಲದ ತಿಂಗಳುಗಳಿಗೆ ನಾನು ಸೂಚಿಸುವ ಮೊದಲ ದಾರಿ ಹೋಮ್‌ಸ್ಟೇ ಮತ್ತು ರೆಸಾರ್ಟುಗಳ ಚಿತ್ರಗಳು. ಮಳೆಗಾಲದ ಹಸಿರನ್ನೂ ಮಂಜನ್ನೂ ತೋರಿಸಿಯೇ ಅವರು ಅತಿಥಿಗಳನ್ನು ಕರೆಯುವುದು, ಆದ್ದರಿಂದ ನಮಗೆ ಬಿಡುವಿರುವಾಗಲೇ ಅವರಿಗೆ ಕೆಲಸವಿರುತ್ತದೆ. ಪ್ಯಾಕೆಟ್ ಮಾಡಿ ಆನ್‌ಲೈನಿನಲ್ಲಿ ಮಾರುವ ಕಾಫಿ, ಜೇನು, ಮಸಾಲೆಗಳಿಗೂ ಚಿತ್ರ ಬೇಕು. ಅದನ್ನು ಕಿಟಕಿಯ ಬೆಳಕಿನಲ್ಲಿ ಮನೆಯಲ್ಲಿಯೇ ತೆಗೆಯಬಹುದು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ ಛಾಯಾಗ್ರಾಹಕರಿಗೆ ಹಬ್ಬವೇ ಸರಿ, ಆದರೆ ಅದು ಬರುವುದು ಮದುವೆಗಳು ತುಂಬಿರುವ ಬೇಸಿಗೆಯಲ್ಲಿ. ಡ್ರೋನ್ ಬಗ್ಗೆ ಎಚ್ಚರಿಕೆಯಿರಲಿ: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ್ದನ್ನು ಹಣಕ್ಕಾಗಿ ಹಾರಿಸಲು ನೋಂದಣಿಯ ಜೊತೆಗೆ ರಿಮೋಟ್ ಪೈಲಟ್ ಪ್ರಮಾಣಪತ್ರವೂ ಬೇಕು. ಇನ್ನು ನಾಗರಹೊಳೆಯ ಹುಲಿ, ಆನೆಯ ಚಿತ್ರಗಳನ್ನು ಮಾರಿ ಸಂಸಾರ ನಡೆಸುವವರು ನನ್ನ ಪರಿಚಯದಲ್ಲಿ ಯಾರೂ ಇಲ್ಲ. ಅದನ್ನು ಪ್ರೀತಿಗಾಗಿ ಮಾಡಿ, ಲೆಕ್ಕದ ಪುಸ್ತಕದಲ್ಲಿ ಸೇರಿಸಬೇಡಿ.

ಕಾಯಿದೆಯ ಎರಡು ಸಂಗತಿಗಳು ಆದಾಯಕ್ಕೆ ನೇರವಾಗಿ ತಾಗುತ್ತವೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ತೆರಿಗೆ ಶೇಕಡಾ 18. ಮದುವೆ ಮನೆಯವರು ಅದನ್ನು ಯಾವ ಲೆಕ್ಕದಲ್ಲಿಯೂ ವಾಪಸು ಪಡೆಯಲಾರರು, ಹಾಗಾಗಿ ಅದು ನಿಮ್ಮ ದರದ ಮೇಲೆಯೇ ಬೀಳುತ್ತದೆ. ಎರಡನೆಯದಾಗಿ, 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರದ್ದೇ. ರೆಸಾರ್ಟಿಗೆ ತೆಗೆದ ಚಿತ್ರವನ್ನು ನೀವು ಮತ್ತೊಂದು ಕಡೆ ಮಾರಬೇಕೆಂದಿದ್ದರೆ ಅದನ್ನು ಮೊದಲೇ ಬರೆಸಿಕೊಳ್ಳಬೇಕು.

ನಿಮ್ಮ ವಿಷಯಕ್ಕೆ ಬಂದರೆ, ಮನೆಯಲ್ಲಿಯೇ ಒಂದು ಕೋಣೆಯನ್ನು ಬಳಸಿ ಅಂಗಡಿಯ ಬಾಡಿಗೆ ಉಳಿಸಿದರೆ ಅದೇ 43,000ಕ್ಕೆ ಸುಮಾರು 22 ಮದುವೆ ಸಾಕು. ಈಗಿನ 60,000 ಸಂಬಳಕ್ಕೆ ಸಮನಾದುದೇ ಬೇಕು, ಜೊತೆಗೆ ಆ 8,000ವನ್ನೂ ಎತ್ತಿಡಬೇಕು ಎಂದರೆ 29–30 ಮದುವೆಗಳಾಗುತ್ತವೆ, ವಹಿವಾಟು 18 ಲಕ್ಷದ ಹತ್ತಿರ ಹೋಗುತ್ತದೆ. ಹೊಸಬರಿಗೆ ಮೊದಲ ವರ್ಷ ಅಷ್ಟು ಮದುವೆ ಸಿಗುವುದು ಕಷ್ಟ. 2018ರ ಆಗಸ್ಟಿನ ಭೂಕುಸಿತದ ನಂತರವೂ 2020ರ ಲಾಕ್‌ಡೌನಿನಲ್ಲಿಯೂ ಹಳಬರಿಗೇ ಕೆಲಸವಿರಲಿಲ್ಲ. ಅಂಥ ವರ್ಷಗಳಿಗೆಂದು ಆರು ತಿಂಗಳ ಮನೆಖರ್ಚು, ಎಂದರೆ ಎರಡು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇರಲಿ. ಕೆಲಸ ಬಿಡದೆಯೇ ಮುಂದಿನ ಏಪ್ರಿಲ್–ಮೇ ಸೀಸನ್ನಿನಲ್ಲಿ ರಜೆ ಹಾಕಿ ಇಲ್ಲಿಯ ಯಾವುದಾದರೂ ತಂಡದ ಜೊತೆ ಎರಡನೆಯ ಕ್ಯಾಮೆರಾ ಹಿಡಿಯಿರಿ. ಆ ನಂತರದ ನವೆಂಬರ್–ಡಿಸೆಂಬರಿಗೆ ಹತ್ತು ಮದುವೆಗಳ ಅಡ್ವಾನ್ಸ್ ನಿಮ್ಮ ಹೆಸರಿನಲ್ಲಿ ಬಂದಿದ್ದರೆ ರಾಜೀನಾಮೆ ಕೊಡಬಹುದು. ಬಂದಿಲ್ಲದಿದ್ದರೆ ಇನ್ನೊಂದು ಸೀಸನ್ ಸಂಬಳದಲ್ಲಿಯೇ ಇರಿ.